ತಂತಿ ಕೆಳಗೆ ಎಷ್ಟು ಗುಂಟೆ ಹಸಿರು? ಉಪಗ್ರಹ ಚಿತ್ರದಿಂದ ಕರೆಂಟ್ ಲೈನಿನ ಗಿಡಮರ ಹುಡುಕುವ ಬಗೆ

ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕಿ (ಪಿಕ್ಸೆಲ್) ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲದ ತುಂಡು. ಒಟ್ಟು 100 ಚದರ ಮೀಟರ್. ನಮ್ಮ ಒಂದು ಗುಂಟೆ 101 ಚದರ ಮೀಟರ್ ಚಿಲ್ಲರೆ. ಹಾಗಾಗಿ ಒಂದು ಪಿಕ್ಸೆಲ್ ಅಂದರೆ ಒಂದು ಗುಂಟೆ ಅಂದುಕೊಳ್ಳಿ. ನಾನು ಲೈನ್‌ಮನ್‌ಗಳಿಗೆ ಈ ಕೆಲಸ ವಿವರಿಸುವಾಗ ಪಿಕ್ಸೆಲ್ ಅನ್ನುವ ಮಾತನ್ನೇ ಬಿಟ್ಟಿದ್ದೇನೆ. "ಈ ಎರಡು ಟವರ್ ನಡುವೆ 7 ಗುಂಟೆ ಹಸಿರು ಇದೆ" ಅಂದರೆ ಸಾಕು, ಅವರಿಗೆ ಜಾಗ ಕಣ್ಣಿಗೆ ಕಟ್ಟುತ್ತದೆ.

ಏಪ್ರಿಲ್ ಬಂತೆಂದರೆ ನಮ್ಮ ಕಡೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಮಧ್ಯಾಹ್ನ ಬಿಸಿಲು, ಸಂಜೆ ಧೂಳೆಬ್ಬಿಸುವ ಗಾಳಿ, ನಾಲ್ಕು ಹನಿ ಅಡ್ಡ ಮಳೆ. ಎಲ್ಲೋ ಒಂದು ಬೇವಿನ ಟೊಂಗೆ ತಂತಿಗೆ ತಾಗುತ್ತದೆ, ಹಳ್ಳಿಗಳಿಗೆ ಕರೆಂಟ್ ಒಯ್ಯುವ ಲೈನ್, ಅಂದರೆ ಫೀಡರ್, ಟ್ರಿಪ್ ಆಗಿ ನಿಲ್ಲುತ್ತದೆ, ಐದಾರು ಹಳ್ಳಿ ಕತ್ತಲಾಗುತ್ತವೆ. ಇದಕ್ಕೆ ಮುಂಚೆಯೇ 'ಜಂಗಲ್ ಕಟಿಂಗ್', ಅಂದರೆ ಲೈನಿಗೆ ತಾಗುವ ಗಿಡ, ಟೊಂಗೆ ಕಡಿಯುವ ಕೆಲಸ, ಮುಗಿಯಬೇಕು. ಆದರೆ ಲೈನ್ ನೂರಾರು ಕಿಲೋಮೀಟರ್, ಜನ ಬೆರಳೆಣಿಕೆ. ಸಾಮಾನ್ಯವಾಗಿ ಸಬ್‌ಸ್ಟೇಷನ್ ಗೇಟಿನಿಂದ ಶುರು ಮಾಡಿ, ಮಿರಗ (ಮೃಗಶಿರ) ಮಳೆ ಬರುವ ತನಕ ಎಷ್ಟಾಗುತ್ತದೋ ಅಷ್ಟು. ತುದಿಯ ಹಳ್ಳಿಗಳ ಪಾಳಿ ಬರುವುದೇ ಇಲ್ಲ.

ಮೊದಲು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಉಪಗ್ರಹ ಚಿತ್ರ ಹೇಳುತ್ತದೆ. ಅದಕ್ಕಿಂತ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. 10 ಮೀಟರ್ ಚಿತ್ರದಲ್ಲಿ ತಂತಿಯೂ ಕಾಣುವುದಿಲ್ಲ, ಟೊಂಗೆಯೂ ಕಾಣುವುದಿಲ್ಲ, ಮರದ ಎತ್ತರವೂ ತಿಳಿಯುವುದಿಲ್ಲ. ಯಾರಾದರೂ "ಆಫೀಸಿನಲ್ಲೇ ಕೂತು ತಂತಿಗೂ ಮರಕ್ಕೂ ಇರುವ ಕ್ಲಿಯರೆನ್ಸ್ ಅಳೆದು ಕೊಡುತ್ತೇವೆ" ಅಂತ ಈ ಪುಕ್ಕಟೆ ಚಿತ್ರ ತೋರಿಸಿದರೆ ನಂಬಬೇಡಿ.

ಕೆಳಗಿನ ಕ್ರಮವನ್ನು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ನೆಲ ಮತ್ತು ಬೆಳೆಗೆ ಹೊಂದಿಸಿ ಬರೆದಿದ್ದೇನೆ. ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿನವರು, ಗಾಳಿ ವಿದ್ಯುತ್ ಘಟಕಗಳ ಖಾಸಗಿ ಲೈನ್ ನೋಡಿಕೊಳ್ಳುವವರು, ಪ್ರಾಜೆಕ್ಟ್ ಹುಡುಕುತ್ತಿರುವ ಎಂಜಿನಿಯರಿಂಗ್ ಹುಡುಗರು ಎಲ್ಲರಿಗೂ ಆದೀತು. ರೈಲು ಹಳಿ, ಕಾಲುವೆ, ಹೆದ್ದಾರಿಗೂ ಇದೇ ದಾರಿ, ಎರಡೂ ಬದಿ ನೋಡಬೇಕಾದ ನೆಲದ ಪಟ್ಟಿಯ ಅಗಲ ಮಾತ್ರ ಬೇರೆ.

ಹಂತ 1: ಲೈನನ್ನು ನಕ್ಷೆಗೆ ತರುವುದು

ಬೇಕಾದ ಸಾಫ್ಟ್‌ವೇರ್ ಒಂದೇ, ನಕ್ಷೆ ಕೆಲಸದ ಕ್ಯೂಜಿಐಎಸ್. ದುಡ್ಡು ಕೊಡಬೇಕಿಲ್ಲ. ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ.

ಟವರ್ ಲೈನ್ ಆದರೆ ಕೆಲಸ ಸುಲಭ. ಗೂಗಲ್ ಅರ್ತ್‌ನಲ್ಲಿ ಟವರಿನ ಬುಡ ಮತ್ತು ನೆರಳು ಚೆನ್ನಾಗಿ ಕಾಣುತ್ತದೆ. ಒಂದೊಂದು ಟವರಿನ ಮೇಲೂ ಒಂದು ಚುಕ್ಕೆ ಇಟ್ಟು ಗೆರೆ ಎಳೆಯುತ್ತಾ ಹೋಗಿ, ಕೆಎಂಎಲ್ ಫೈಲ್ ಆಗಿ ಉಳಿಸಿ, ಕ್ಯೂಜಿಐಎಸ್‌ನಲ್ಲಿ ತೆರೆಯಿರಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೂ ದೊಡ್ಡ ಲೈನ್‌ಗಳನ್ನು ಜನ ಗುರುತಿಸಿದ್ದಾರೆ. ಅದನ್ನು ಇಳಿಸಿಕೊಂಡು ತಿದ್ದಿದರೆ ಅರ್ಧ ದಿನ ಉಳಿಯುತ್ತದೆ. 11 ಕೆವಿ (ಕಿಲೋವೋಲ್ಟ್) ಕಂಬಗಳು ಮೇಲಿನಿಂದ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಬೈಕ್ ಮೇಲೆ ಹೋಗಿ ಫೋನಿನ ಜಿಪಿಎಸ್‌ನಲ್ಲಿ ಕಂಬ ಕಂಬ ಗುರುತು ಹಾಕುವುದೇ ದಾರಿ. ಹಳೆಯ ಸಿಂಗಲ್ ಲೈನ್ ನಕ್ಷೆಯನ್ನು ನಂಬಿ ಗೆರೆ ಎಳೆಯಬೇಡಿ. ಅದರಲ್ಲಿ ಯಾವುದಕ್ಕೆ ಯಾವುದು ಜೋಡಿಸಿದೆ ಅನ್ನುವುದಿರುತ್ತದೆ, ನೆಲದ ಮೇಲೆ ಎಲ್ಲಿದೆ ಅನ್ನುವುದಿರುವುದಿಲ್ಲ.

ಒಂದು ಎಚ್ಚರ. ಮುಂದೆ ಹೋಗುವ ಮೊದಲು ಲೈನಿನ ಪದರವನ್ನು ಮೀಟರ್ ಲೆಕ್ಕದ ನಕ್ಷೆ ಪದ್ಧತಿಯಾದ ಯುಟಿಎಂ ವಲಯ 43 ಉತ್ತರಕ್ಕೆ ಬದಲಿಸಿ. ಕ್ಯೂಜಿಐಎಸ್‌ನಲ್ಲಿ ಅದರ ಸಂಖ್ಯೆ ಇಪಿಎಸ್‌ಜಿ 32643. ನಮ್ಮ ಮೂರೂ ಜಿಲ್ಲೆ ಇದರೊಳಗೆ ಬರುತ್ತವೆ. ಇದನ್ನು ಮರೆತು ಅಕ್ಷಾಂಶ-ರೇಖಾಂಶದಲ್ಲೇ 20ರ ಬಫರ್ (ಗೆರೆಯ ಸುತ್ತ ಅಷ್ಟು ದೂರದ ಪಟ್ಟಿ) ಹಾಕಿದರೆ ಅದು 20 ಮೀಟರ್ ಆಗುವುದಿಲ್ಲ, 20 ಡಿಗ್ರಿ ಆಗುತ್ತದೆ. ಅರಬ್ಬಿ ಸಮುದ್ರವೂ ನಿಮ್ಮ ಜಂಗಲ್ ಕಟಿಂಗ್ ಪಟ್ಟಿಗೆ ಸೇರುತ್ತದೆ.

ಹಂತ 2: ಎಷ್ಟು ಅಗಲ ನೋಡಬೇಕು?

ಅರಣ್ಯ ಪ್ರದೇಶದಲ್ಲಿ ಲೈನ್ ಹಾಕಲು ಕೇಂದ್ರದ ಮಾರ್ಗಸೂಚಿ ಹೇಳುವ, ಲೈನಿಗೆ ಬಿಡಬೇಕಾದ ಪಟ್ಟಿಯ ಒಟ್ಟು ಅಗಲ ಹೀಗಿದೆ: 11 ಕೆವಿಗೆ 7 ಮೀಟರ್, 33 ಕೆವಿಗೆ 15, 110 ಕೆವಿಗೆ 22, 220 ಕೆವಿಗೆ 35. ತಂತಿಗೂ ಮರಕ್ಕೂ ಕನಿಷ್ಠ ಅಂತರ 33 ಕೆವಿಗೆ 2.8 ಮೀಟರ್, 110 ಕೆವಿಗೆ 3.7, 220 ಕೆವಿಗೆ 4.6.

ಈಗ ಗುಂಟೆ ಲೆಕ್ಕಕ್ಕೆ ಬನ್ನಿ. 11 ಕೆವಿಯ 7 ಮೀಟರ್ ಪಟ್ಟಿ ಒಂದು ಪಿಕ್ಸೆಲ್‌ಗಿಂತ ಕಿರಿದು! ಅಷ್ಟನ್ನೇ ಕತ್ತರಿಸಿ ನೋಡಿದರೆ ಏನೂ ಸಿಗುವುದಿಲ್ಲ. ಜೊತೆಗೆ ನೀವು ಎಳೆದ ಗೆರೆ ನಾಲ್ಕೈದು ಮೀಟರ್ ಆಚೀಚೆ ಇರಬಹುದು, ಚಿತ್ರವೂ ಅಷ್ಟೇ ಜರುಗಿರಬಹುದು. ಅದಕ್ಕೆ ನಾನು ಇಟ್ಟುಕೊಂಡಿರುವ ನಿಯಮ ಇಷ್ಟೇ. ಪಟ್ಟಿಯ ಅರ್ಧ ಅಗಲಕ್ಕೆ ಇನ್ನೊಂದು 10 ಮೀಟರ್ ಸೇರಿಸಿ, ಅದನ್ನು ಗೆರೆಯ ಎರಡೂ ಬದಿಗೆ ಬಫರ್ ಹಾಕಿ. 110 ಕೆವಿಗೆ 11 ಮತ್ತು 10 ಕೂಡಿ 21 ಮೀಟರ್. 33 ಕೆವಿಗೆ 17.5 ಮೀಟರ್. ಇದು ಒಳಪಟ್ಟಿ.

ಇದರಾಚೆ ಇನ್ನೂ 20 ಮೀಟರ್ ಹೊರಪಟ್ಟಿ ಇರಲಿ. ಒಳಪಟ್ಟಿಯ ಮರ ಬೆಳೆದು ತಂತಿಗೆ ತಾಗುತ್ತದೆ. ಹೊರಪಟ್ಟಿಯ ಮರ ಬಿದ್ದು ತಾಗುತ್ತದೆ. ಹೊಲದ ಅಂಚಿನಲ್ಲಿ ಸಾಲಾಗಿ ನಿಂತ ನೀಲಗಿರಿ ಇದಕ್ಕೆ ಸರಿಯಾದ ಉದಾಹರಣೆ. ಪಟ್ಟಿಯಿಂದ ಆಚೆ ಇದೆ, ಯಾರೂ ಕೇಳುವಂತಿಲ್ಲ. ಆದರೆ ಗಾಳಿಗೆ ಮುರಿದರೆ ನೆಟ್ಟಗೆ ತಂತಿ ಮೇಲೆ ಬೀಳುತ್ತದೆ.

ಬೇಸಿಗೆಯಲ್ಲಿ ತಂತಿ ಕಾದು ಜೋತು ಬೀಳುತ್ತದೆ ಅನ್ನುವುದೂ ನೆನಪಿರಲಿ. ಡಿಸೆಂಬರಿನಲ್ಲಿ ಸಾಕಷ್ಟು ದೂರ ಇದ್ದ ಟೊಂಗೆ ಏಪ್ರಿಲ್ ಮಧ್ಯಾಹ್ನ ಹತ್ತಿರ ಬಂದಿರುತ್ತದೆ. ಟೊಂಗೆ ಬೆಳೆದಿದ್ದಕ್ಕೆ ಅಲ್ಲ, ತಂತಿ ಇಳಿದಿದ್ದಕ್ಕೆ.

ಹಂತ 3: ಯಾವ ದಿನದ ಚಿತ್ರ? ಇಲ್ಲೇ ಎಲ್ಲ ಇದೆ

ನಾನು ಮೊದಲ ವರ್ಷ ನವೆಂಬರ್ ಚಿತ್ರ ತೆಗೆದುಕೊಂಡೆ. ಮೋಡ ಇಲ್ಲ, ಚಿತ್ರ ಸ್ವಚ್ಛ, ಹಸಿರು ಭರ್ಜರಿ. ಪಟ್ಟಿ ಮಾಡಿದೆ, ಪ್ರಿಂಟ್ ತೆಗೆದೆ, ಮುಂಡರಗಿ ಕಡೆಯ ಒಂದು ಲೈನಿಗೆ ಹೊರಟೆವು. ಪಟ್ಟಿಯ ಮೊದಲ ಜಾಗದಲ್ಲಿ ಇಳಿದ ಲೈನ್‌ಮನ್ ಸುತ್ತ ನೋಡಿ ಹೇಳಿದ್ದು: "ಸರ, ಇದು ಕಬ್ಬು ರೀ. ಇದನ್ನ ಫ್ಯಾಕ್ಟರಿಯವರ ಕಡೀತಾರ, ನಾವ್ಯಾಕ ಬಂದ್ವಿ?" ಎರಡನೆಯ ಜಾಗ ಕಡಲೆ ಹೊಲ. ಮೂರನೆಯದು ಮತ್ತೆ ಕಬ್ಬು. ನಿಜವಾಗಿ ತಂತಿಗೆ ತಾಗುತ್ತಿದ್ದ ಬೇವು ನನ್ನ ಪಟ್ಟಿಯಲ್ಲಿ ಎಲ್ಲೋ ನಲವತ್ತನೆಯ ಸಾಲಿನಲ್ಲಿತ್ತು.

ಉಪಗ್ರಹಕ್ಕೆ ಹಸಿರು ಕಾಣುತ್ತದೆ. ಆ ಹಸಿರು ಬೆಳೆಯದೋ ಮರದ್ದೋ ಅದಕ್ಕೆ ಗೊತ್ತಿಲ್ಲ. ನಮಗೆ ಗೊತ್ತಿದೆ, ಯಾಕೆಂದರೆ ನಮ್ಮ ಸುಗ್ಗಿ ಯಾವಾಗ ಅಂತ ನಮಗೆ ಗೊತ್ತಿದೆ. ಎರೆ (ಕಪ್ಪು ಮಣ್ಣಿನ) ಭೂಮಿಯಲ್ಲಿ ಮುಂಗಾರಿಗೆ ಹೆಸರು, ಗೋವಿನಜೋಳ, ಹತ್ತಿ, ಮೆಣಸಿನಕಾಯಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋಧಿ. ಹೋಳಿ ಹುಣ್ಣಿಮೆ ಕಳೆಯುವ ಹೊತ್ತಿಗೆ ಇವೆಲ್ಲ ಮನೆ ಸೇರಿ ಹೊಲ ಬರಿದಾಗಿರುತ್ತದೆ. ಆಗ ಮೇಲಿನಿಂದ ನೋಡಿದರೆ ಕಪ್ಪು ನೆಲದ ಮೇಲೆ ಉಳಿದ ಹಸಿರು ಅಂದರೆ ಬದುವಿನ ಬೇವು, ಹುಣಸೆ, ಹಳ್ಳದ ಬಳ್ಳಾರಿ ಜಾಲಿ, ನೀಲಗಿರಿ, ಮಾವು. ನಮಗೆ ಬೇಕಾದದ್ದೂ ಇವೇ. ಮಾರ್ಚ್ ಎರಡನೆಯ ವಾರದಿಂದ ಏಪ್ರಿಲ್ ನಡುವಿನ ತನಕ ಇದಕ್ಕೆ ಹೇಳಿ ಮಾಡಿಸಿದ ಕಾಲ.

ಉಪಗ್ರಹ ನಮ್ಮ ಮೇಲೆ ಹಾಯುವುದು ಬೆಳಿಗ್ಗೆ ಸುಮಾರು 11ರ ಹೊತ್ತಿಗೆ. ಏಪ್ರಿಲ್ ಮೋಡ ಏಳುವುದು ಮಧ್ಯಾಹ್ನದ ಮೇಲೆ. ಹಾಗಾಗಿ ಸಂಜೆ ಮಳೆ ಬಂದ ದಿನವೂ ಬೆಳಗಿನ ಚಿತ್ರ ಸ್ವಚ್ಛ ಇರುವುದುಂಟು. ಒಂದೇ ಜಾಗದ ಚಿತ್ರ ಐದು ದಿನಕ್ಕೊಮ್ಮೆ ಸಿಗುತ್ತದೆ.

ಆದರೆ ಒಂದೇ ಚಿತ್ರ ಸಾಕಾಗುವುದಿಲ್ಲ. ತುಂಗಭದ್ರೆ ಪಕ್ಕದಲ್ಲಿ, ವರದೆಯ ದಂಡೆಯಲ್ಲಿ, ಬೋರ್‌ವೆಲ್ ಇರುವ ಕಡೆ ಬೇಸಿಗೆಯಲ್ಲೂ ಬೆಳೆ ಇರುತ್ತದೆ. ಕಬ್ಬಂತೂ ವರ್ಷಪೂರ್ತಿ. ಅದಕ್ಕೆ ಉಪಾಯ ಇದು. ಡಿಸೆಂಬರಿನಿಂದ ಏಪ್ರಿಲ್ ತನಕ ಏಳೆಂಟು ಸ್ವಚ್ಛ ಚಿತ್ರ ತೆಗೆದುಕೊಳ್ಳಿ. ಒಂದೊಂದು ಗುಂಟೆಗೂ ಅಷ್ಟು ದಿನಗಳಲ್ಲಿ ಅತಿ ಕಡಿಮೆ ಹಸಿರು ಎಷ್ಟಿತ್ತು ಅಂತ ನೋಡಿ. ಕಬ್ಬು ಈ ನಡುವೆ ಒಮ್ಮೆ ಕಟಾವಾಗುತ್ತದೆ, ಆಗ ಅದರ ಹಸಿರು ಬಿದ್ದುಹೋಗುತ್ತದೆ. ಬೆಳೆ ಯಾವುದಾದರೂ ಒಂದು ದಿನ ನೆಲ ತೋರಿಸಲೇಬೇಕು. ಮರ ತೋರಿಸುವುದಿಲ್ಲ.

ಈ ಉಪಾಯ ಕೈಕೊಡುವ ಜಾಗಗಳೂ ಇವೆ. ಧಾರವಾಡ ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಕಲಘಟಗಿ, ಅಳ್ನಾವರದ ಕಡೆ ತೇಗದ ಕಾಡು. ತೇಗ ಬೇಸಿಗೆಯಲ್ಲಿ ಎಲೆ ಉದುರಿಸಿ ಕಟ್ಟಿಗೆಯಂತೆ ನಿಲ್ಲುತ್ತದೆ. ಮಾರ್ಚ್ ಚಿತ್ರದಲ್ಲಿ ಅಲ್ಲಿ ಮರವೇ ಇಲ್ಲ ಅನ್ನಿಸುತ್ತದೆ. ಆ ಭಾಗಕ್ಕೆ ಮಾತ್ರ ನವೆಂಬರ್-ಡಿಸೆಂಬರ್ ಚಿತ್ರ ಬಳಸಿ, ಹೊಲಗಳನ್ನು ಕಣ್ಣಿನಿಂದ ನೋಡಿ ಕೈಬಿಡಿ. ಬೇವು ಕೂಡ ಫೆಬ್ರವರಿ ಕೊನೆಗೆ ಎಲೆ ಉದುರಿಸಿ ಯುಗಾದಿಗೆ ಚಿಗುರುತ್ತದೆ. ಚಿಗುರೆಲೆಯ ಕೆಂಪು ಮಾಸಿ ಹಸಿರಾದ ಮೇಲಿನ ಚಿತ್ರ ನೋಡಿದರೆ ಒಳ್ಳೆಯದು. ಹಾನಗಲ್, ಶಿಗ್ಗಾವಿ ಕಡೆಯ ಅಡಿಕೆ, ಮಾವಿನ ತೋಟಗಳು ವರ್ಷವಿಡೀ ಹಸಿರು. ಅವು ಬೆಳೆಯೂ ಹೌದು, ಮರವೂ ಹೌದು. ಪಟ್ಟಿಯಲ್ಲಿ ಇರಲಿ.

ಹಂತ 4: ಚಿತ್ರ ಇಳಿಸಿಕೊಳ್ಳುವುದು

ಕೊಪರ್ನಿಕಸ್ ಬ್ರೌಸರ್ ಅನ್ನುವ ಜಾಲತಾಣದಲ್ಲಿ ಪುಕ್ಕಟೆ ಖಾತೆ ತೆರೆಯಿರಿ. ನಕ್ಷೆಯಲ್ಲಿ ನಿಮ್ಮ ಲೈನಿನ ಜಾಗದ ಸುತ್ತ ಚೌಕ ಎಳೆಯಿರಿ. ಸೆಂಟಿನೆಲ್-2, ಎಲ್2ಎ ಆರಿಸಿ. ಎಲ್2ಎ ಅಂದರೆ ಗಾಳಿ, ಧೂಳಿನ ಮಬ್ಬನ್ನು ತಕ್ಕಮಟ್ಟಿಗೆ ತೆಗೆದ ಚಿತ್ರ. ಮೋಡ ಶೇಕಡಾ 10ಕ್ಕಿಂತ ಕಡಿಮೆ ಅಂತ ಹಾಕಿ. ದಿನಾಂಕ ಒಂದೊಂದಾಗಿ ನೋಡಿ. ಈ ಶೇಕಡಾವಾರು ಇಡೀ ದೊಡ್ಡ ಚಿತ್ರದ್ದು, ನಿಮ್ಮ ಲೈನಿನ ಮೇಲೆಯೇ ಆ ಪುಟ್ಟ ಮೋಡ ಕೂತಿರಬಹುದು. ಕಣ್ಣಿನಿಂದ ನೋಡದೆ ಇಳಿಸಬೇಡಿ.

ಅಲ್ಲೇ ಎನ್‌ಡಿವಿಐ ಅಂತ ಒಂದು ಆಯ್ಕೆ ಇದೆ. ಅದನ್ನು ಆರಿಸಿ, ಡೌನ್‌ಲೋಡ್‌ನಲ್ಲಿ 'ಅನಲಿಟಿಕಲ್' ಭಾಗಕ್ಕೆ ಹೋಗಿ, 32 ಬಿಟ್ ಟಿಫ್ ಆಗಿ ಇಳಿಸಿ. ಬಣ್ಣದ ಚಿತ್ರ ಬಂದರೆ, ಜೆಪಿಜಿ ಆಗಲಿ ಟಿಫ್ ಆಗಲಿ, ಅದು ನೋಡುವುದಕ್ಕೆ ಮಾತ್ರ, ಲೆಕ್ಕಕ್ಕೆ ಬರುವುದಿಲ್ಲ. ಆಗ ಕೆಳಗೆ ಹೇಳಿದ ಹಾಗೆ ಬ್ಯಾಂಡ್ ಇಳಿಸಿ ನೀವೇ ಲೆಕ್ಕ ಹಾಕಿ. ಎಲ್ಲ ಚಿತ್ರಕ್ಕೂ ಅದೇ ಚೌಕ, ಅದೇ ಅಳತೆ ಇರಲಿ.

ಎನ್‌ಡಿವಿಐ ಅಂದರೆ ದೊಡ್ಡ ವಿದ್ಯೆ ಏನಲ್ಲ. ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಜಾಸ್ತಿ ವಾಪಸ್ ಕಳಿಸುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಇದು. ಒಂದೊಂದು ಬಗೆಯ ಬೆಳಕಿನ ಚಿತ್ರವನ್ನು ಒಂದೊಂದು ಬ್ಯಾಂಡ್ ಅನ್ನುತ್ತಾರೆ. ಸೆಂಟಿನೆಲ್-2ರಲ್ಲಿ ಕೆಂಪು 4ನೇ ಬ್ಯಾಂಡ್, ಇನ್‌ಫ್ರಾರೆಡ್ 8ನೇ ಬ್ಯಾಂಡ್. ಎರಡೂ 10 ಮೀಟರ್‌ನವು.

ನೀವೇ ಬ್ಯಾಂಡ್ ಇಳಿಸಿ ಲೆಕ್ಕ ಹಾಕುವುದಾದರೆ ಒಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. 2022ರ ಜನವರಿ 25ರಿಂದ ಮೂಲ ಫೈಲಿನ ಸಂಖ್ಯೆಗಳಿಗೆ 1000 ಸೇರಿಸಿ ಕೊಡುತ್ತಾರೆ. ಹಳೆಯ ಚಿತ್ರಗಳನ್ನೂ ಹಾಗೆ ಮತ್ತೆ ತಯಾರಿಸಿದ್ದಾರೆ. ಫೈಲಿನ ಹೆಸರಿನಲ್ಲಿ ಎನ್ ಅಕ್ಷರದ ಮುಂದೆ 0400 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಇದ್ದರೆ ಮೊದಲು 1000 ಕಳೆಯಬೇಕು. 8ನೇ ಬ್ಯಾಂಡ್ 4000, 4ನೇ ಬ್ಯಾಂಡ್ 1600 ಇದೆ ಅನ್ನಿ. ಕಳೆದರೆ 3000 ಮತ್ತು 600, ಎನ್‌ಡಿವಿಐ 0.67. ಕಳೆಯದಿದ್ದರೆ 0.43. ಒಂದೇ ಮರ, ಎರಡು ಉತ್ತರ! ಎರಡು ವರ್ಷ ಹೋಲಿಸುವಾಗ ಒಂದರಲ್ಲಿ ಕಳೆದು ಇನ್ನೊಂದರಲ್ಲಿ ಮರೆತರೆ ಗದಗ ಜಿಲ್ಲೆಯ ಗಿಡಮರವೆಲ್ಲ ಒಂದೇ ವರ್ಷದಲ್ಲಿ ಒಣಗಿದಂತೆ ಕಾಣುತ್ತದೆ. ಬ್ರೌಸರಿನಲ್ಲೇ ಎನ್‌ಡಿವಿಐ ಸಂಖ್ಯೆ ಸಿಕ್ಕರೆ ಈ ತಲೆನೋವಿಲ್ಲ.

ಇನ್ನಷ್ಟು ಸೂಕ್ಷ್ಮ ಚಿತ್ರ ಬೇಕಾದರೆ ನಮ್ಮದೇ ರಿಸೋರ್ಸ್‌ಸ್ಯಾಟ್ ಉಪಗ್ರಹಗಳ ಲಿಸ್-4 ಚಿತ್ರಗಳಿವೆ, 5.8 ಮೀಟರ್‌ನವು. ಅಂದರೆ ಪಿಕ್ಸೆಲ್ ಸುಮಾರು ಮೂರನೇ ಒಂದು ಗುಂಟೆ. ಹೈದರಾಬಾದಿನ ಎನ್‌ಆರ್‌ಎಸ್‌ಸಿಯ (ರಾಷ್ಟ್ರೀಯ ದೂರಸಂವೇದಿ ಕೇಂದ್ರ) ಭೂನಿಧಿ ಜಾಲತಾಣದಲ್ಲಿ ಹುಡುಕಬಹುದು. ಆದರೆ ಐದು ದಿನಕ್ಕೊಮ್ಮೆ ಸಿಗುವುದಿಲ್ಲ. ನಾನು ಪಟ್ಟಿಯ ಮೇಲಿನ ಕೆಲವು ಜಾಗಗಳನ್ನು ಮತ್ತೊಮ್ಮೆ ನೋಡಲು ಮಾತ್ರ ಬಳಸುತ್ತೇನೆ.

ಹಂತ 5: ಕಡಿಮೆ ಹಸಿರಿನ ಚಿತ್ರ ಮಾಡುವುದು

ಕ್ಯೂಜಿಐಎಸ್‌ನಲ್ಲಿ 'ಸೆಲ್ ಸ್ಟ್ಯಾಕ್ ಪರ್ಸೆಂಟೈಲ್' ಅನ್ನುವ ಉಪಕರಣ ಇದೆ. ಏಳೆಂಟು ಎನ್‌ಡಿವಿಐ ಚಿತ್ರಗಳನ್ನು ಕೊಟ್ಟು 0.25 ಅಂತ ಹಾಕಿ. ಅತಿ ಕಡಿಮೆ ಬೆಲೆಯನ್ನೇ ಯಾಕೆ ತೆಗೆದುಕೊಳ್ಳಬಾರದು ಅಂದರೆ, ಮೋಡದ ಎನ್‌ಡಿವಿಐ ಸೊನ್ನೆಯ ಹತ್ತಿರ ಇರುತ್ತದೆ. ಏಳು ದಿನದಲ್ಲಿ ಒಂದೇ ದಿನ ಮರದ ಮೇಲೆ ಪುಟ್ಟ ಮೋಡ ಬಂದಿದ್ದರೂ ಆ ಮರ ಲೆಕ್ಕದಿಂದ ಮಾಯವಾಗುತ್ತದೆ. ಕೆಳಗಿನಿಂದ ಕಾಲು ಭಾಗ ಬಿಟ್ಟರೆ ಮೋಡವೂ ಹೋಗುತ್ತದೆ, ಬೇವು ಬೋಳಾಗಿದ್ದ ಒಂದು ದಿನವೂ ಹೋಗುತ್ತದೆ. ಕಟಾವಾದ ಕೂಡಲೇ ಚಿಗುರುವ ಕೂಳೆ ಕಬ್ಬು ಮಾತ್ರ ಕೆಲವೊಮ್ಮೆ ಉಳಿದುಬಿಡುತ್ತದೆ. ಇರಲಿ, ಕಬ್ಬಿನ ಹೊಲಕ್ಕೆ ನೆಟ್ಟಗಿನ ಅಂಚು ಇರುತ್ತದೆ, ಕಣ್ಣಿಗೆ ಗೊತ್ತಾಗುತ್ತದೆ.

ಹಂತ 6: ಎರೆಗೊಂದು ಗೆರೆ, ಮಸಾರಿಗೊಂದು ಗೆರೆ

ಎನ್‌ಡಿವಿಐ 0.4ಕ್ಕಿಂತ ಜಾಸ್ತಿ ಇದ್ದರೆ ಮರ ಅಂತ ಎಲ್ಲೋ ಓದಿ ಹಾಗೇ ಹಾಕುವವರಿದ್ದಾರೆ. ನಮ್ಮಲ್ಲಿ ಆ ಒಂದೇ ಗೆರೆ ನಡೆಯುವುದಿಲ್ಲ, ಯಾಕೆಂದರೆ ನೆಲ ಎರಡು ತರದ್ದು.

ಒಂದು ಸಣ್ಣ ಲೆಕ್ಕ ಮಾಡೋಣ. ಹಸಿರು ಬೇವಿನ ಎಲೆ ಕೆಂಪು ಬೆಳಕನ್ನು 0.06 ಭಾಗ, ಇನ್‌ಫ್ರಾರೆಡ್ಡನ್ನು 0.30 ಭಾಗ ವಾಪಸ್ ಕಳಿಸುತ್ತದೆ ಅನ್ನಿ. ಎರೆ ನೆಲ ಕಪ್ಪು, ಅದು 0.08 ಮತ್ತು 0.11. ಮಸಾರಿ ಅಂದರೆ ಕೆಂಪು ನೆಲ ಹೆಚ್ಚು ಹೊಳೆಯುತ್ತದೆ, ಅದು 0.17 ಮತ್ತು 0.22. ಬರಿ ನೆಲದ ಎನ್‌ಡಿವಿಐ ಎರೆಯಲ್ಲಿ 0.16, ಮಸಾರಿಯಲ್ಲಿ 0.13. ಹೆಚ್ಚು ಕಡಿಮೆ ಒಂದೇ. ಈಗ ಒಂದು ಗುಂಟೆಯ ಮೂರನೇ ಒಂದು ಭಾಗವನ್ನು ಮರ ಮುಚ್ಚಿದೆ, ಉಳಿದದ್ದು ನೆಲ. ಎರೆಯಲ್ಲಿ ಎನ್‌ಡಿವಿಐ 0.40ಕ್ಕೆ ಏರುತ್ತದೆ. ಮಸಾರಿಯಲ್ಲಿ 0.30 ಮಾತ್ರ. ಮರ ಅದೇ, ಅಗಲ ಅದೇ. ಹೊಳೆಯುವ ನೆಲ ಮರದ ಗುರುತನ್ನು ಅಳಿಸಿಬಿಡುತ್ತದೆ.

ಹಾಗಾಗಿ ನವಲಗುಂದ, ರೋಣದ ಎರೆಯಲ್ಲಿ 0.40, ಮಸಾರಿ ಮತ್ತು ಗುಡ್ಡದ ಅಂಚಿನಲ್ಲಿ 0.30 ದಾಟಿದರೆ ಮರ ಅನ್ನುವ ಗೆರೆಯಿಂದ ಶುರು ಮಾಡಿ. ಮೂರನೇ ಒಂದು ಗುಂಟೆ ಅಂದರೆ ಸುಮಾರು ಆರೂವರೆ ಮೀಟರ್ ಹರವಿನ ಮರ. ಆಮೇಲೆ ನಿಮಗೆ ಚೆನ್ನಾಗಿ ಗೊತ್ತಿರುವ ಹತ್ತು ಮರ, ಹತ್ತು ಖಾಲಿ ಜಾಗ ಆರಿಸಿ, ಅಲ್ಲಿ ಸಂಖ್ಯೆ ಎಷ್ಟಿದೆ ನೋಡಿ ಗೆರೆ ಮೇಲೆ ಕೆಳಗೆ ಮಾಡಿ. ನನ್ನ ಸಂಖ್ಯೆಯನ್ನೇ ಹಿಡಿದು ಕೂರಬೇಡಿ. ಎರಡು ಪಿಕ್ಸೆಲ್‌ಗೆ ಹಂಚಿಹೋದ ಮರ ಎರಡರಲ್ಲೂ ಗೆರೆ ದಾಟದೆ ತಪ್ಪಿಸಿಕೊಳ್ಳುವುದೂ ಉಂಟು.

ಹಂತ 7: ಸ್ಪ್ಯಾನ್ ಲೆಕ್ಕದಲ್ಲಿ ಎಣಿಸುವುದು

ಲೈನಿನ ಗೆರೆಯನ್ನು 'ಎಕ್ಸ್‌ಪ್ಲೋಡ್ ಲೈನ್ಸ್' ಕೊಟ್ಟು ಟವರಿನಿಂದ ಟವರಿಗೆ ತುಂಡು ಮಾಡಿ. ಈ ಒಂದೊಂದು ತುಂಡೇ ಸ್ಪ್ಯಾನ್. 11 ಕೆವಿ ಆದರೆ ಕಂಬದಿಂದ ಕಂಬಕ್ಕೆ ಅಂತರ ಸಣ್ಣದು, ಐದು ಕಂಬಕ್ಕೆ ಒಂದು ತುಂಡು ಸಾಕು. ಪ್ರತಿ ತುಂಡಿಗೂ ಚಪ್ಪಟೆ ತುದಿಯ ಬಫರ್ ಹಾಕಿ. ಗುಂಡು ತುದಿ ಬಿಟ್ಟರೆ ಟವರ್ ಪಕ್ಕದ ಮರ ಎರಡು ಸ್ಪ್ಯಾನಿನಲ್ಲೂ ಎಣಿಕೆಯಾಗುತ್ತದೆ.

'ರಾಸ್ಟರ್ ಕ್ಯಾಲ್ಕುಲೇಟರ್'ನಲ್ಲಿ ಗೆರೆ ದಾಟಿದ ಪಿಕ್ಸೆಲ್‌ಗೆ 1, ಉಳಿದದ್ದಕ್ಕೆ 0 ಕೊಡಿ. ಆಮೇಲೆ 'ಝೋನಲ್ ಸ್ಟ್ಯಾಟಿಸ್ಟಿಕ್ಸ್'ನಲ್ಲಿ ಮೊತ್ತ ಕೇಳಿ. ಆ ಮೊತ್ತವೇ ಸ್ಪ್ಯಾನಿನ ಕೆಳಗಿನ ಗುಂಟೆ.

ಸರಾಸರಿ ಎನ್‌ಡಿವಿಐ ಮಾತ್ರ ಕೇಳಬೇಡಿ. 300 ಮೀಟರ್ ಸ್ಪ್ಯಾನ್, 42 ಮೀಟರ್ ಅಗಲ ಅಂದರೆ 126 ಪಿಕ್ಸೆಲ್, ಮೂರು ಎಕರೆಗೂ ಮಿಕ್ಕಿ. ಅದರಲ್ಲಿ ಬದುವಿನ ಬೇವಿಗೆ ಸಿಗುವುದು ನಾಲ್ಕು. ಬರಿ ನೆಲ 0.16, ಆ ನಾಲ್ಕು 0.50 ಇದ್ದರೂ ಸರಾಸರಿ 0.17ಕ್ಕೆ ಬಂದು ನಿಲ್ಲುತ್ತದೆ. ಮರ ಮುಳುಗಿಹೋಯಿತು, ಅಲ್ವಾ? ನಮ್ಮ ಕಡೆ ಅಪಾಯ ಕಾಡಿನಿಂದ ಬರುವುದು ಕಡಿಮೆ, ಇಂಥ ಒಂಟಿ ಮರದಿಂದ ಬರುವುದೇ ಜಾಸ್ತಿ.

ಈಗ ಯಾವ ಸ್ಪ್ಯಾನಿಗೆ ಮೊದಲು ಹೋಗಬೇಕು ಅನ್ನುವ ಪಟ್ಟಿಯ ಕ್ರಮ. ನಾನು ಗುಂಟೆ ಒಂದನ್ನೇ ನೋಡುವುದಿಲ್ಲ. ಒಳಪಟ್ಟಿಯ ಗುಂಟೆಗೆ ಎರಡು ಅಂಕ, ಹೊರಪಟ್ಟಿಗೆ ಒಂದು. ಹೋದ ವರ್ಷ ಇಲ್ಲದ ಹಸಿರು ಈ ವರ್ಷ ಬಂದಿದ್ದರೆ ಇನ್ನೊಂದು ಅಂಕ. ಜಾಲಿ ಹಬ್ಬುವುದು, ಹೊಸ ತೋಟ ಹಾಕಿದ್ದು ಹೀಗೆ ಸಿಕ್ಕಿಬೀಳುತ್ತವೆ. ಇದಾದ ಮೇಲೆ ಲೈನ್ ಯಾರಿಗೆ ಹೋಗುತ್ತದೆ ಅನ್ನುವ ಪ್ರಶ್ನೆ. ಮಲಪ್ರಭೆಯಿಂದ ಹುಬ್ಬಳ್ಳಿ-ಧಾರವಾಡಕ್ಕೆ ನೀರೆತ್ತುವ ಪಂಪಿನ ಲೈನ್ ಟ್ರಿಪ್ ಆದರೆ ಎರಡೂ ಊರಿನ ನಲ್ಲಿಗೆ ಪಾಳಿ ತಪ್ಪುತ್ತದೆ. ಅಂಥ ಲೈನಿನ ಮೂರು ಗುಂಟೆ ಬೇರೆ ಲೈನಿನ ಹತ್ತು ಗುಂಟೆಗಿಂತ ಮೊದಲು.

ಮರ ಎತ್ತರಕ್ಕೆ ಬೆಳೆದದ್ದು ಮಾತ್ರ ಎನ್‌ಡಿವಿಐಗೆ ತಿಳಿಯುವುದಿಲ್ಲ. ಎಲೆ ಒತ್ತಾಗಿ ತುಂಬಿದ ಮೇಲೆ ಸಂಖ್ಯೆ ಏರುವುದು ನಿಲ್ಲುತ್ತದೆ, ನೀಲಗಿರಿ ಏರುವುದು ನಿಲ್ಲುವುದಿಲ್ಲ. ಪ್ರಪಂಚದ ಮರಗಳ ಎತ್ತರದ ನಕ್ಷೆಗಳು ಪುಕ್ಕಟೆ ಸಿಗುತ್ತವೆ, 10 ಮೀಟರ್‌ನದ್ದೂ ಇದೆ. ಕಲಘಟಗಿಯ ಕಾಡಿಗೆ ಅವು ಅಂದಾಜು ಕೊಟ್ಟಾವು. ಹೊಲದ ನಡುವಿನ ಒಂಟಿ ಬೇವಿಗೆ ಅವನ್ನು ನಂಬಿದರೆ ಕೆಟ್ಟಿರಿ.

ಹಂತ 8: ನಡೆದು ನೋಡುವುದು

ಪಟ್ಟಿಯ ಮೊದಲ 50 ಸ್ಪ್ಯಾನ್ ಆರಿಸಿ, ಕ್ಯೂಫೀಲ್ಡ್ ಅನ್ನುವ ಆಪ್‌ಗೆ ನಕ್ಷೆ ಹಾಕಿಕೊಂಡು ಹೊರಡಿ. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಒಂದೊಂದು ಜಾಗದಲ್ಲೂ ಮರದ ಹೆಸರು, ಅಂದಾಜು ಎತ್ತರ, ತಂತಿಯಿಂದ ದೂರ, ಒಂದು ಫೋಟೊ. ಎತ್ತರಕ್ಕೆ ಕೋಲು ಹಿಡಿದು ಮರಕ್ಕಾಗಲಿ ತಂತಿಗಾಗಲಿ ಹತ್ತಿರ ಹೋಗಬೇಡಿ. ನಿಮ್ಮ ನೆರಳು, ಮರದ ನೆರಳು ಅಳೆದರೆ ಸಾಕು. ನಿಮ್ಮ ಎತ್ತರ 1.7 ಮೀಟರ್, ನೆರಳು 1 ಮೀಟರ್, ಮರದ ನೆರಳು 6 ಮೀಟರ್ ಇದ್ದರೆ ಮರ 10.2 ಮೀಟರ್. ನೆಲ ಸಮತಟ್ಟಾಗಿರಬೇಕು ಅಷ್ಟೇ, ಎರೆ ಸೀಮೆಯಲ್ಲಿ ಅದಕ್ಕೆ ಕೊರತೆಯಿಲ್ಲ.

ಇದರ ಜೊತೆಗೆ 'ಏನೂ ಇಲ್ಲ' ಅಂತ ಬಂದ ಸ್ಪ್ಯಾನ್‌ಗಳಲ್ಲಿ 15 ಆರಿಸಿ ಅಲ್ಲಿಗೂ ಹೋಗಿ. ಇದನ್ನು ಎಲ್ಲರೂ ಬಿಡುತ್ತಾರೆ. ಪಟ್ಟಿಯಲ್ಲಿ ಇದ್ದದ್ದು ತಪ್ಪಾದರೆ ಒಂದು ಓಡಾಟ ವ್ಯರ್ಥ. ಪಟ್ಟಿಯಲ್ಲಿ ಇಲ್ಲದ್ದು ತಪ್ಪಾದರೆ ಗಾಳಿ ಬಂದ ರಾತ್ರಿಯೇ ಗೊತ್ತಾಗುವುದು. ಬಾವಿ ಪಕ್ಕದ ಒಂಟಿ ತೆಂಗು ಯಾವಾಗಲೂ ಹೀಗೆ ತಪ್ಪಿಸಿಕೊಳ್ಳುತ್ತದೆ. ಹರವು ಕಡಿಮೆ, ಎತ್ತರ ಜಾಸ್ತಿ, ಗರಿ ಉದ್ದ. ಅದನ್ನು ಲೈನ್‌ಮನ್‌ನ ನೆನಪಿನಿಂದಲೇ ಪಟ್ಟಿಗೆ ಸೇರಿಸಬೇಕು.

ಹಂತ 9: ಒಣಗಿದ್ದು ಮತ್ತು ಬೆಂಕಿ

ಸತ್ತು ಒಣಗಿದ ಮರ ಹಸಿರಿನ ಪಟ್ಟಿಯಲ್ಲಿ ಬರುವುದೇ ಇಲ್ಲ, ಆದರೆ ಮೊದಲು ಬೀಳುವುದು ಅದೇ. ಅದಕ್ಕೆ ಉಲ್ಟಾ ಹುಡುಕಬೇಕು. ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ಹಸಿರಾಗಿದ್ದು ಈಗ ಇಲ್ಲದ ಗುಂಟೆಗಳು ಯಾವುವು? ಒಂದೋ ಕಡಿದಿದ್ದಾರೆ, ಇಲ್ಲವೇ ಒಣಗಿದೆ. 8 ಮತ್ತು 11ನೇ ಬ್ಯಾಂಡ್‌ನಿಂದ ಎಲೆಯ ತೇವ ಹೇಳುವ ಎನ್‌ಡಿಎಂಐ ಲೆಕ್ಕವೂ ಇದೆ. 11ನೇ ಬ್ಯಾಂಡ್ 20 ಮೀಟರ್‌ನದ್ದು, ಅಂದರೆ ನಾಲ್ಕು ಗುಂಟೆಗೆ ಒಂದೇ ಸಂಖ್ಯೆ. ನೀಲಗಿರಿ ತೋಪಿಗೆ ಸರಿ, ಒಂಟಿ ಮರಕ್ಕೆ ಅಲ್ಲ.

ಕಪ್ಪತಗುಡ್ಡದ ಕಡೆ ಒಣ ಹುಲ್ಲಿನ ಬೆಂಕಿ, ಕಬ್ಬಿನ ಸೀಮೆಯಲ್ಲಿ ತಂತಿ ಕೆಳಗೇ ರವದಿ (ಕಬ್ಬಿನ ಒಣ ಎಲೆ) ಸುಡುವುದು, ಎರಡೂ ಲೈನಿಗೆ ಕೆಟ್ಟದ್ದು. ದಟ್ಟ ಹೊಗೆ ಮತ್ತು ಉರಿಯಲ್ಲಿ ತಂತಿಯಿಂದ ನೆಲಕ್ಕೆ ಕರೆಂಟ್ ಹಾರಬಹುದು. ನಾಸಾದ ಫರ್ಮ್ಸ್ ಜಾಲತಾಣದಲ್ಲಿ ಬೆಂಕಿಯ ಚುಕ್ಕೆಗಳು ಕೆಲವೇ ಗಂಟೆಗಳಲ್ಲಿ ಕಾಣುತ್ತವೆ. ಅಲ್ಲಿನ ವಿಐಐಆರ್‌ಎಸ್ (ಉಪಗ್ರಹದ ಒಂದು ಸಂವೇದಕ) ಚುಕ್ಕೆ 375 ಮೀಟರ್‌ನದ್ದು, ಹಾಗಾಗಿ ಯಾವ ಹೊಲ ಅಂತ ಹೇಳುವುದಿಲ್ಲ, ಸಣ್ಣ ಬೆಂಕಿ ತಪ್ಪಿಯೂ ಹೋಗುತ್ತದೆ. ನಾನು ಹಳೆಯ ಎರಡು ಮೂರು ವರ್ಷದ ಚುಕ್ಕೆಗಳನ್ನು ಲೈನಿನ ಮೇಲೆ ಹಾಕಿ, ಎಲ್ಲಿ ಪದೇ ಪದೇ ಬಿದ್ದಿವೆ ಅಂತ ನೋಡಿ, ಸುಗ್ಗಿಗೆ ಮೊದಲೇ ಆ ರೈತರ ಜೊತೆ ಮಾತಾಡಿ ಅಂತ ಸೆಕ್ಷನ್‌ಗೆ ಹೇಳುತ್ತೇನೆ.

ಹಂತ 10: ಕಡಿಯುವ ಮುಂಚೆ

ಪಟ್ಟಿ ಕೈಗೆ ಬಂತು ಅಂತ ಕೊಡಲಿ ಎತ್ತುವಂತಿಲ್ಲ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಹಲವು ಜಾತಿಯ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕಾಗುತ್ತದೆ. ತಂತಿಗೆ ಅಡ್ಡ ಬರುವ ಮರದ ವಿಷಯಕ್ಕೆ 2003ರ ವಿದ್ಯುತ್ ಕಾಯ್ದೆಯ 68ನೇ ಕಲಮು ಇದೆ. ಅದರಂತೆ ವಿದ್ಯುತ್ ಕಂಪನಿ ಅರ್ಜಿ ಕೊಟ್ಟರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಮರ ತೆಗೆಸಬಹುದು. ಲೈನ್ ಬರುವ ಮೊದಲೇ ಆ ಮರ ಇತ್ತಾದರೆ ಮಾಲೀಕರಿಗೆ ಪರಿಹಾರ ಕೊಡಿಸಬೇಕು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಗಿದೆ, ಅಲ್ಲಿ ಅರಣ್ಯ ಇಲಾಖೆಯ ಮಾತೇ ಮೊದಲು.

ಮರ ಯಾವಾಗಿನದ್ದು ಅನ್ನುವ ಜಗಳಕ್ಕೆ ಹಳೆಯ ಚಿತ್ರ ಕೆಲಸಕ್ಕೆ ಬರುತ್ತದೆ. ಸೆಂಟಿನೆಲ್-2 ಶುರುವಾದದ್ದು 2015ರಲ್ಲಿ. ಗೂಗಲ್ ಅರ್ತ್‌ನಲ್ಲಿ ಅದಕ್ಕೂ ಹಿಂದಿನ ಚಿತ್ರ ದಿನಾಂಕದ ಸಮೇತ ಸಿಗುತ್ತದೆ. ರೈತರ ಎದುರಿಗೇ ತೋರಿಸಿ. ಬಹಳ ಸಲ ಇಡೀ ಮರ ತೆಗೆಯುವ ಅಗತ್ಯವೇ ಇರುವುದಿಲ್ಲ, ತಂತಿ ಕಡೆಯ ಟೊಂಗೆ ಸವರಿದರೆ ಆಯಿತು. ಬದುವಿನ ಬೇವಿಗೆ ನೆರಳು, ಹಿಂಡಿ, ಕಟ್ಟಿಗೆ ಅಂತ ಎಷ್ಟು ಬೆಲೆ ಇದೆ ಅಂತ ಅವರಿಗೆ ಗೊತ್ತು.

ಟೊಂಗೆ ಸವರುವ ದಿನ ಲೈನ್ ಕ್ಲಿಯರ್ (ಕರೆಂಟ್ ನಿಲ್ಲಿಸಿದ್ದಕ್ಕೆ ಅಧಿಕೃತ ಅನುಮತಿ) ತೆಗೆದುಕೊಂಡು, ಎರಡೂ ಕಡೆ ಅರ್ತ್ ಮಾಡಿದ ಮೇಲೆಯೇ ಮರ ಹತ್ತಬೇಕು. ಫೋನಿನಲ್ಲಿ "ಆಫ್ ಮಾಡಿದ್ದೀನಿ" ಅಂದದ್ದು ಲೈನ್ ಕ್ಲಿಯರ್ ಅಲ್ಲ.

ಕೆಲಸ ಮುಗಿದ ಹತ್ತು ದಿನದೊಳಗೆ ಹೊಸ ಚಿತ್ರ ಬರುತ್ತದೆ. ಅದೇ ಲೆಕ್ಕ ಮತ್ತೆ ಓಡಿಸಿ, 7 ಗುಂಟೆ ಇದ್ದದ್ದು 2ಕ್ಕೆ ಇಳಿಯಿತೋ ಇಲ್ಲವೋ ನೋಡಿ. ಗುತ್ತಿಗೆದಾರರ ಬಿಲ್ಲಿಗೆ ಸಹಿ ಹಾಕುವ ಮುಂಚೆ ನೋಡಿದರೆ ಇನ್ನೂ ಒಳ್ಳೆಯದು. ಬುಡಕ್ಕೆ ಕಡಿದ ನೀಲಗಿರಿ, ಸುಬಾಬುಲ್, ಜಾಲಿ ಇರುವ ಸ್ಪ್ಯಾನ್‌ಗಳಿಗೆ ಪಟ್ಟಿಯಲ್ಲಿ ಬೇರೆ ಗುರುತು ಹಾಕಿ. ಅವು ಬೊಡ್ಡೆಯಿಂದ ಮತ್ತೆ ಚಿಗುರುತ್ತವೆ, ಮಳೆಗಾಲ ಸಿಕ್ಕರೆ ಆಳೆತ್ತರ ಆಗುತ್ತವೆ. ಅವನ್ನು ಮುಂದಿನ ಮಾರ್ಚ್ ತನಕ ಬಿಡದೆ, ದೀಪಾವಳಿ ಕಳೆದ ಮೇಲಿನ ಮೊದಲ ಮೋಡವಿಲ್ಲದ ಚಿತ್ರದಲ್ಲೇ ಒಮ್ಮೆ ನೋಡಿ.